ಪರದೆಗೆ ಹಿಡಿದ ಘಮ

ಹೆಂಡತಿಯ ಉಪದೇಶ ತಾಳಲಾರದೆ ಪ್ರೊಫೆಸರರು ತಮ್ಮ ಪೈಪನ್ನೂ ಹೊಗೆಸೊಪ್ಪಿನ ಡಬ್ಬಿಯನ್ನೂ ಅವಳ ಕೈಗೇ ಒಪ್ಪಿಸಿ ಸಂತರಾದರು. ಆದರೂ ಸಂಜೆ ವಾಕಿಂಗ್ ಮುಗಿಸಿ ಬಂದರೆ ಮನೆ ತುಂಬ ಅದೇ ಘಮ.

“ಜೀವಮಾನವೆಲ್ಲ ಸೇದಿದ್ದೀರಿ, ಅಷ್ಟು ಸುಲಭಕ್ಕೆ ಹೋಗತ್ತಾ? ಪರದೆಗೆಲ್ಲ ಹಿಡ್ಕೊಂಡ್ಬಿಟ್ಟಿದೆ,” ಎನ್ನುತ್ತಿದ್ದಳು ಆ ಸಾಧ್ವಿ.

ಪಶ್ಚಾತ್ತಾಪಪಟ್ಟ ಪ್ರೊಫೆಸರರು ಪ್ರತಿ ಭಾನುವಾರ ಪರದೆಗಳನ್ನೆಲ್ಲ ಬಿಚ್ಚಿ, ಸೋಪು ಹಾಕಿ ತಿಕ್ಕಿ ಒಗೆಯತೊಡಗಿದರು. ಘಮ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ತಮ್ಮ ಪಾಪ ಇಷ್ಟು ಗಾಢವೇ ಎಂದು ಕೊರಗಿದರು.

ಒಂದು ಸಂಜೆ ಕೊಡೆ ಮರೆತು ಅರ್ಧ ದಾರಿಯಿಂದಲೇ ವಾಪಸಾದರು. ಕಿಟಕಿಯ ಪಕ್ಕ, ಅವರದೇ ಆರಾಮಕುರ್ಚಿಯಲ್ಲಿ, ಹೆಂಡತಿ ಕಾಲು ಚಾಚಿ ಕೂತು ಹದವಾಗಿ ಹೊಗೆ ಬಿಡುತ್ತಿದ್ದಳು. ಗಂಡನನ್ನು ಕಂಡವಳು ಬಾಯಿಂದ ಪೈಪು ತೆಗೆದು ಪರದೆಯತ್ತ ತೋರಿಸಿದಳು.

“ಈ ವಾರ ನೀವು ಸರಿಯಾಗಿ ಒಗ್ದೇ ಇಲ್ಲ.”