ಬಿಳಿ ಕೋಟಿನವಳ ಬೆಂಚು

ಟೋಪಿಯವನ ಕೈಯಲ್ಲಿ ಇವತ್ತು ಸೂಟ್‌ಕೇಸ್ ಇತ್ತು. ಫೋನಿನ ಪರದೆಯಲ್ಲಿ ಅದನ್ನು ಕಂಡದ್ದೇ ಅಕ್ಕ ಅದರ ಮೇಲೆ ಬಾಗಿದಳು.

ಅವನು ಬೆಂಚಿನ ಆ ತುದಿಯಲ್ಲಿ ಕೂತ. ಈ ತುದಿಯಲ್ಲಿ ಬಿಳಿ ಕೋಟಿನವಳು, ಎಂದಿನಂತೆ, ಮಡಿಲಲ್ಲಿದ್ದ ಫೋನಿನೊಳಗೆ ಮುಖ ಹುದುಗಿಸಿದ್ದಳು.

"ಇವತ್ತಾದ್ರೂ ತಲೆ ಎತ್ತೇ, ಪುಣ್ಯಾತ್ಗಿತ್ತಿ" ಎಂದಳು ಅಕ್ಕ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಅವಳನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ. ವಯಸ್ಸು ಐವತ್ತಾರು, ಒಂಟಿ ಜೀವ. ಇಪ್ಪತ್ತೆಂಟು ವರ್ಷ ಕಂಡವರಿಗೆಲ್ಲ "ಮೇಲಿನ ಸಾಲು ಓದಿ, ಈಗ ಕೆಳಗಿನ ಸಾಲು" ಎನ್ನುತ್ತ ಬಂದವಳ ಕೈಗೆ ಎರಡು ವರ್ಷದ ಹಿಂದೆ ಇಂಟರ್‌ನೆಟ್ ಸಿಕ್ಕಿತು. ಆಮೇಲೆ ಕೇಳಬೇಕೆ? ಆಕ್ಟೋಪಸ್ಸಿಗೆ ಮೂರು ಹೃದಯಗಳೆಂಬ ಸಂಗತಿಯನ್ನು, ಕಣ್ಣಿಗೆ ಹನಿ ಹಾಕಿಸಿಕೊಂಡು ಸುಮ್ಮನೆ ಕೂತವರನ್ನೂ ಬಿಡದೆ ಹೇಳಿದಳು. ಯಾವುದೋ ಧಾರಾವಾಹಿಯ ನಾಯಕಿ ಹಾಕುವಂಥ ಫ್ರೇಮನ್ನು ಹದಿನಾಲ್ಕು ಜನರಿಗೆ ಒಪ್ಪಿಸಿದಳು; ಅದು ಒಬ್ಬರ ಮುಖಕ್ಕೂ ಒಪ್ಪಲಿಲ್ಲ. ಕೊನೆಗೆ ಯಜಮಾನರು ಅಂಗಡಿಯೊಳಗೆ ಫೋನು ಕೂಡದೆಂದರು. ಅಂದಿನಿಂದ ಮಧ್ಯಾಹ್ನದ ಅರ್ಧ ಗಂಟೆ ಬಿಡುವೇ ಗತಿ. ಅದೂ ಹೊರಗೆ, ಬಿಸಿಲಿನಲ್ಲಿ, ಪರದೆಗೆ ಅಂಗೈ ಮರೆಮಾಡಿಕೊಂಡು.

ಈ ಬೆಂಚು ಸಿಕ್ಕಿದ್ದು ತಂಗಿ ಕಳಿಸಿದ ಒಂದು ಪುಟದಿಂದ. ಜಗತ್ತಿನ ಬೀದಿಗಳನ್ನು ಕೂತಲ್ಲಿಂದಲೇ ನೋಡಬಹುದು ಎಂದು ತಂಗಿ ಬರೆದಿದ್ದಳು. ಅಕ್ಕ ತೆರೆದಾಗ ಪುಟ ಜಾಗ ಗೀಗ ಎಂದು ಏನೋ ಅನುಮತಿ ಕೇಳಿತು. ಕೇಳಿದ್ದಕ್ಕೆಲ್ಲ ಓದದೆ 'ಸರಿ' ಒತ್ತುವುದು ಅವಳ ಪದ್ಧತಿ, ಇದಕ್ಕೂ ಒತ್ತಿದಳು. ಬಹಳ ಎತ್ತರದಲ್ಲಿದ್ದ ಯಾವುದೋ ಕ್ಯಾಮೆರಾ ಒಂದು ಬೀದಿಯನ್ನು ತೋರಿಸಿತು. ಮರಗಳ ನೆತ್ತಿ, ಜನರ ನೆತ್ತಿ, ಒಂದು ಬೆಂಚು. ಕೆಳಗೆ ಅವಳಿಗೆ ಗೊತ್ತಿಲ್ಲದ ಲಿಪಿ. ಪುಟದ ಮೂಲೆಯ ಗಡಿಯಾರದಲ್ಲಿ ರಾತ್ರಿ ಎರಡೂವರೆ, ಬೀದಿಯಲ್ಲಿ ರಣಬಿಸಿಲು.

ಇದು ಸೂರ್ಯ ಮುಳುಗದ ದೇಶವೆಂದು ಅಕ್ಕ ಅಂಗಡಿಯಲ್ಲಿ ಸಾರಿದಳು. ಧ್ರುವಪ್ರದೇಶದ ಬಗ್ಗೆ ಹತ್ತು ನಿಮಿಷ ಭಾಷಣವನ್ನೂ ಬಿಗಿದಳು. ಲೆನ್ಸು ಉಜ್ಜುವವನು ತಾನೇನು ಕಡಿಮೆಯೆಂದು, ಇಂಥ ನೇರ ದೃಶ್ಯವೂ ಫೋನಿಗೆ ಬಂದು ಮುಟ್ಟುವಾಗ ಅರ್ಧ ನಿಮಿಷ ತಡವಾಗಿರುತ್ತದೆ ಎಂದು ವಿವರಿಸಿದ. ಒಬ್ಬರು ಬಿಡುವಿಗೆ ಹೋದರೆ ಉಳಿದಿಬ್ಬರು ಅಂಗಡಿ ಬಿಡುವಂತಿರಲಿಲ್ಲ. ಹಾಗಾಗಿ ಬೆಂಚಿನ ಕಥೆ ದಿನವೂ ಅಕ್ಕನ ಬಾಯಿಂದಲೇ ಬರಬೇಕಿತ್ತು.

ಕಥೆಯಾದರೂ ಎಂಥದು! ಟೋಪಿಯವನು ಮೊದಲ ದಿನ ಆ ತುದಿಯಲ್ಲಿ ಕೂತ. ದಿನಕ್ಕೆರಡು ಬೆರಳಿನಷ್ಟು ಸರಿದು ಸರಿದು, ಎರಡು ವಾರದಲ್ಲಿ ಅರ್ಧ ಬೆಂಚು ದಾಟಿದ. ಒಮ್ಮೆ ಟೋಪಿ ತೆಗೆದು, ಬೋಳು ನೆತ್ತಿ ಸವರಿಕೊಂಡು, ಅವಳ ಕಡೆ ಬಾಗಿ, ಧೈರ್ಯ ಸಾಲದೆ ಮತ್ತೆ ಟೋಪಿ ಹಾಕಿಕೊಂಡ. ಹೋದ ಗುರುವಾರ ಅವಳ ಮಡಿಲಿಗೆ ಬಿಸಿಲು ಬಿದ್ದಾಗ ಎದ್ದು, ತನ್ನ ನೆರಳು ಅವಳ ಮೇಲೆ ಬೀಳುವಂತೆ ಇಪ್ಪತ್ತು ನಿಮಿಷ ನಿಂತ. ಅದೃಷ್ಟಕ್ಕೆ ಅಂದು ಪರದೆ ಎಂದಿಗಿಂತ ಚೆನ್ನಾಗಿ ಕಾಣುತ್ತಿತ್ತು. ಅಕ್ಕ ಒಂದು ಕ್ಷಣವನ್ನೂ ತಪ್ಪಿಸಿಕೊಳ್ಳಲಿಲ್ಲ. ತನಗೆಂದು ಯಾರಾದರೂ ಹೀಗೆ ನಿಂತಿದ್ದರೆ ಎಂದುಕೊಂಡು ಸ್ವಲ್ಪ ಕಣ್ಣೊರೆಸಿಕೊಂಡಳು ಕೂಡ.

ಬಿಳಿ ಕೋಟಿನವಳು ಮಾತ್ರ ನೆರಳು ಎಲ್ಲಿಂದ ಬಂತೆಂದೂ ನೋಡಲಿಲ್ಲ.

"ಅವಳಿಗೆ ಕಿವಿ, ಮೂಗು ಏನೂ ಇಲ್ವಾ ಅಕ್ಕಾ?" ಎಂದು ಲೆನ್ಸಿನವನು ಕೇಳಿದ್ದ.

"ಎಲ್ಲಾ ಇದೆ. ಫೋನಿಗೆ ಬಿಟ್ಟುಕೊಟ್ಟಿದ್ದಾಳೆ. ನನ್ನ ಕೈಗೆ ಸಿಗಲಿ, ಹೆಗಲು ಹಿಡಿದು ಅಲ್ಲಾಡಿಸಿಬಿಡ್ತೀನಿ."

ಯಜಮಾನರು ಫ್ರೇಮುಗಳನ್ನು ಒರೆಸುತ್ತಲೇ ಹೇಳಿದ್ದರು: "ನೀವೇ ಸರಿ ಅಕ್ಕಾವ್ರೇ. ಆ ಮಹಾತಾಯಿಗೆ ಬುದ್ಧಿ ಹೇಳೋಕೆ ನಿಮಗಿಂತ ಯೋಗ್ಯರು ಇನ್ಯಾರಿದ್ದಾರೆ?"

ಇವತ್ತು ಟೋಪಿಯವನು ಊರು ಬಿಟ್ಟು ಹೊರಟಿದ್ದ. ಸೂಟ್‌ಕೇಸ್ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಸರಿದು ಬಂದ ಅರ್ಧ ಬೆಂಚನ್ನೂ ಬಿಟ್ಟುಕೊಟ್ಟು ಮತ್ತೆ ತುದಿಗೇ ಹೋಗಿ ಕೂತಿದ್ದ. ಈಗ ಅವಳು ತಲೆ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಕ್ಕ ಪರದೆಯ ಮೇಲೆ ಇನ್ನಷ್ಟು ಬಾಗಿದಳು.

ಸರಿಯಾಗಿ ಅದೇ ಹೊತ್ತಿಗೆ ಪಕ್ಕದಲ್ಲಿ ಯಾರೋ ಮೆಲ್ಲಗೆ ಕೆಮ್ಮಿದರು.

"ಕ್ಷಮಿಸಿ. ನಿಮ್ಮ ಹತ್ರ ಒಂದು ಮಾತು ಕೇಳಬಹುದಾ?"

ವಿಳಾಸ ಕೇಳುವವರಿಗೆ ಬೇರೆ ಹೊತ್ತೇ ಸಿಗುವುದಿಲ್ಲ. ಅಕ್ಕ ಪರದೆಯಿಂದ ಕಣ್ಣು ಕೀಳದೆ, ಸ್ವಲ್ಪ ತಡೆಯಿರಿ ಎಂಬಂತೆ ಅಂಗೈ ಎತ್ತಿ ತೋರಿಸಿದಳು. ಆ ಮನುಷ್ಯ ಒಂದಷ್ಟು ಹೊತ್ತು ನಿಂತಿದ್ದು ಹೊರಟುಹೋದ ಸಪ್ಪಳ ಕೇಳಿಸಿತು. ಸದ್ಯ, ಪೀಡೆ ತೊಲಗಿತು. ಏಕೆಂದರೆ ಪರದೆಯಲ್ಲಿ ಟೋಪಿಯವನು ಆಗತಾನೇ ಎದ್ದಿದ್ದ.

ಟೋಪಿ ತೆಗೆದ. ಬಿಳಿ ಕೋಟಿನವಳ ಬಳಿಗೇ ಬಂದ. ಬಾಗಿ ಏನೋ ಕೇಳಿದ.

ಅವಳು ತಲೆ ಎತ್ತಲಿಲ್ಲ. ಅಂಗೈ ಎತ್ತಿದಳು.

ಅವನು ಕಾದ. ಆಮೇಲೆ ಟೋಪಿ ಹಾಕಿಕೊಂಡು, ಸೂಟ್‌ಕೇಸ್ ಎತ್ತಿಕೊಂಡು, ಎಡಕ್ಕೆ ನಡೆದು ಪರದೆಯಿಂದಾಚೆ ಹೋಗಿಬಿಟ್ಟ.

ಅಕ್ಕನ ಮೈಯೆಲ್ಲ ಉರಿದುಹೋಯಿತು. "ಅಂಥ ಮನುಷ್ಯನನ್ನ ಒಂದೇ ಒಂದು ಸಲ ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಬೈದು, ತಡೆಯಲಾರದೆ ಪಟಪಟನೆ ಹಣೆ ಚಚ್ಚಿಕೊಂಡಳು.

ಅರ್ಧ ನಿಮಿಷ ಕಳೆಯಿತು. ಪರದೆಯಲ್ಲಿ ಬಿಳಿ ಕೋಟಿನವಳು ಪಟಪಟನೆ ಹಣೆ ಚಚ್ಚಿಕೊಂಡಳು.

ಮತ್ತೆ ಅರ್ಧ ನಿಮಿಷಕ್ಕೆ ಅವಳು ದಡಬಡಿಸಿ ಎದ್ದು ಎಡಕ್ಕೆ ಓಡಿದ್ದೂ ಅಲ್ಲಿ ಕಾಣಿಸಿತು. ಆದರೆ ಬೆಂಚಿನ ಮೇಲೆ ಬಿದ್ದಿದ್ದ ಫೋನಿನಲ್ಲಿ ಅದನ್ನು ನೋಡಲು ಯಾರೂ ಇರಲಿಲ್ಲ.