ಸ್ಕ್ರೂ ಬಟ್ಟಲಿನ ಸಸಿ

ಗಡಿಯಾರ ರಿಪೇರಿಯ ಚಿಮಟದಿಂದ ತಾತ ಡಬ್ಬದಲ್ಲಿದ್ದ ಟೊಮೆಟೊ ಸಸಿಯೊಂದನ್ನು ಬೇರುಸಮೇತ ಕೀಳುತ್ತಿದ್ದಂತೆ ಮೊಮ್ಮಗಳು ಅವರ ಕೈ ಹಿಡಿದುಕೊಂಡಳು. ಡಬ್ಬಕ್ಕೆ ಬೀಜ ಹಾಕಿದವಳು ಅವಳೇ. ಎರಡು ಬೀಜ ಸಾಕೆಂದು ತಾತ ಹೇಳಿದರೂ ಕೇಳದೆ ಹಿಡಿ ತುಂಬ ಸುರಿದಿದ್ದಳು. ಈಗ ಸಸಿಗಳು ಒಂದರ ಮೈಮೇಲೊಂದು ಎದ್ದು ನಿಂತಿದ್ದವು.

“ಎಲೆ ಕಿತ್ರೆ ಗಿಡಕ್ಕೆ ನೋವಾಗುತ್ತೆ ಅಂತ ನಿನ್ನೆ ನೀನೇ ಬೈದ್ಯಲ್ಲ ತಾತ! ಇದೇನು ತಪ್ಪು ಮಾಡ್ತು?”

“ತಪ್ಪೇನೂ ಮಾಡಿಲ್ಲ ಪುಟ್ಟಿ. ಜಾಗ ಇಕ್ಕಟ್ಟಾದ್ರೆ ಯಾವುದೂ ಬೆಳೆಯಲ್ಲ. ಒಂದಿಷ್ಟನ್ನ ತೆಗೀಲೇಬೇಕು.” ಗಿಡಮರದ ವಿಷಯ ಬಂದರೆ ತಾತನ ಉತ್ತರ ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಅವಳು ಸಸಿಯನ್ನೇ ನೋಡಿದಳು. ಎಲೆಯ ಮೇಲೆ ಒಂದು ಹಳದಿ ಚುಕ್ಕಿಯೂ ಇರಲಿಲ್ಲ. “ತಮ್ಮ ಹುಟ್ಟಿದ್ಮೇಲೆ ಅಮ್ಮನೂ ಮನೆ ಇಕ್ಕಟ್ಟಾಯ್ತು ಅಂದ್ಳು. ಅದಕ್ಕೇ ನನ್ನ ಇಲ್ಲಿಗೆ ತಂದು ಬಿಟ್ರಾ?”

ತಾತ ಚಿಮಟದಲ್ಲಿದ್ದ ಸಸಿಯನ್ನು ಅಂಗೈಗೆ ಇಳಿಸಿಕೊಂಡರು. “ಅಯ್ಯೋ, ಹಾಗಲ್ಲ ಕಣೇ... ಅದು ಬೇರೆ, ಇದು ಬೇರೆ...” ಸಸಿಯನ್ನು ಡಬ್ಬದತ್ತ ಒಯ್ದರು, ಕಿಟಕಿಯತ್ತ ಒಯ್ದರು, ಎಲ್ಲೂ ಇಡಲಾಗಲಿಲ್ಲ. ಕೊನೆಗೆ ಸ್ಕ್ರೂಗಳಿದ್ದ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ ಖಾಲಿ ಮಾಡಿ, ಅದಕ್ಕೆ ಮಣ್ಣು ತುಂಬಿ ಸಸಿ ನೆಟ್ಟರು.

ಅವಳು ಒಂದೇ ಬೆರಳಿನಿಂದ ಮಣ್ಣು ಒತ್ತಿದಳು. “ತಾನೇನೂ ತಪ್ಪು ಮಾಡಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ನೀನೇ ಹೇಳು ತಾತ.”

ತಾತ ಬಾಯಿ ತೆರೆದರು. ಯಾರ ಮುಖ ನೋಡಿ ಹೇಳಬೇಕೆಂದೇ ತಿಳಿಯಲಿಲ್ಲ.