ಅವರವರ ಕೆಲಸ

"ಹಾರು," ಎಂದ ಅಣ್ಣ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಗೌನು ರೆಕ್ಕೆ ಥರ ಹಿಂದಕ್ಕೆ ಹರಡ್ಕೋಬೇಕು. ಹೆದರ್ಬೇಡ, ಕೆಳಗೆ ಹಾಸಿಗೆ ಹಾಕಿದೀನಲ್ಲ."

ಖಾಲಿ ಗೋದಾಮಿನಲ್ಲಿ ಸರಕು ಇಳಿಸುವ ಕಟ್ಟೆಯ ಮೇಲೆ ಅತ್ತಿಗೆ ನಿಂತಿದ್ದಳು. ಆಳೆತ್ತರದ ಕಟ್ಟೆ, ಮೈಮೇಲೆ ಹನ್ನೆರಡು ಮೀಟರಿನ ಕಡುಹಸಿರು ಗೌನು. ಬೆಳಗ್ಗೆ ಮಾತಾಡಿಕೊಂಡಾಗ ಹಾರುವ ಸುದ್ದಿಯೇ ಇರಲಿಲ್ಲ. ಕಟ್ಟೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಡುವುದು, ಅಷ್ಟೇ. ಆದರೆ ಛಾವಣಿಯ ಗಾಜಿನಿಂದ ಬಿಸಿಲು ಕೋಲಾಗಿ ಇಳಿದದ್ದನ್ನು ಕಂಡದ್ದೇ ತಡ, ಅಣ್ಣನ ತಲೆಗೆ ಬೇರೆ ಚಿತ್ರ ಹೊಕ್ಕಿತ್ತು.

"ತಲೆ ಸುತ್ತುತ್ತೆ ರೀ. ಕೂತಿರೋದೇ ತೆಗೀರಿ."

"ಹೋದ ವರ್ಷ ಇದಕ್ಕಿಂತ ಎತ್ತರದ ಗೋಡೆಯಿಂದ ನೀನೇ ಧುಮುಕಿದ್ದೆ. ಈಗೇನು, ರಾಣಿಯವರಿಗೆ ವಯಸ್ಸಾಯ್ತಾ? ಇನ್ನು ಹತ್ತು ನಿಮಿಷ ಕಳೆದ್ರೆ ಬಿಸಿಲು ಹೋಯ್ತು."

ಮೇಕಪ್ ಅಕ್ಕನೂ ದನಿಗೂಡಿಸಿದಳು. "ಹಾರಮ್ಮ ತಾಯಿ, ಒಂದೇ ಸಲ. ಎರಡು ಗಂಟೆ ಕೂತು ಬಣ್ಣ ಬಳಿದಿದ್ದೀನಿ. ಅದು ಬೆವರಲ್ಲಿ ಇಳಿದುಹೋಗೋಕೆ ಮುಂಚೆ ಹಾರಿಬಿಡು."

ಕಂಬದ ಪಕ್ಕ ನಿಂತಿದ್ದ ತಂಗಿ ಕೊರಳಲ್ಲಿದ್ದ ಟೇಪನ್ನು ಬಿಗಿಯಾಗಿ ಹಿಡಿದಳು. ಗೌನು ಹೊಲಿದವಳು ಅವಳೇ. ಬೆಳಗ್ಗೆ ತೊಡಿಸುವಾಗ ಸೊಂಟದ ಕೊಕ್ಕೆ ಕೂಡಿರಲಿಲ್ಲ. ಟೇಪು ಸುತ್ತಿ ನೋಡಿದರೆ ತಿಂಗಳ ಹಿಂದಿನ ಅಳತೆಗಿಂತ ಒಂದೂವರೆ ಇಂಚು ಹೆಚ್ಚು. ಅವಳು ತಲೆಯೆತ್ತುವಷ್ಟರಲ್ಲಿ ಅತ್ತಿಗೆ ಕೈ ಹಿಡಿದು ಪಿಸುಗುಟ್ಟಿದ್ದಳು: "ನಿಮ್ಮಣ್ಣಂಗೆ ಹೇಳ್ಬೇಡ್ವೇ. ಎರಡು ಸಲ ಬಸುರು ನಿಲ್ಲಲಿಲ್ಲ. ಎರಡು ಸಲಾನೂ ಊರಿಗೆಲ್ಲ ಹೇಳ್ಕೊಂಡು ಬಂದು, ಆಮೇಲೆ ವಾರಗಟ್ಟಲೆ ಗೋಡೆ ನೋಡ್ಕೊಂಡು ಕೂತ್ರು. ಈ ಸಲ ಮೂರು ತಿಂಗಳು ದಾಟ್ಲಿ, ನಾನೇ ಹೇಳ್ತೀನಿ. ಆಣೆ ಮಾಡು." ತಂಗಿ ಆಣೆ ಮಾಡಿದ್ದಳು. ಕೊಕ್ಕೆಯ ಗೊಡವೆ ಬಿಟ್ಟು, ಗೌನನ್ನು ಅತ್ತಿಗೆಯ ಮೈಮೇಲೆಯೇ ಸೂಜಿಯಲ್ಲಿ ಹೊಲಿದು ಕೂಡಿಸಿದ್ದಳು.

"ಅಣ್ಣಾ," ಎಂದಳು ಈಗ. "ಕೂತಿರೋದೇ ಚೆನ್ನಾಗಿರುತ್ತೇನೋ..."

"ಗುಬ್ಬಿ, ನಿನ್ನ ತಲೆ ಪಕ್ಕದಲ್ಲಿ ಏನು ಬರೆದಿದೆ, ಓದು."

ಕಂಬಕ್ಕೆ ಅಂಟಿಸಿದ ರಟ್ಟಿನ ಮೇಲೆ ಅಣ್ಣನದೇ ದಪ್ಪ ಅಕ್ಷರ: ‘ಅವರವರ ಕೆಲಸಕ್ಕೆ ಅವರವರೇ ಯಜಮಾನರು. ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸುವಂತಿಲ್ಲ.’ ಎಲ್ಲರೂ ಬಿಟ್ಟಿಯಾಗಿ ಕೈಜೋಡಿಸುವುದು, ಬಂದ ಫೋಟೋ ಎಲ್ಲರದೂ ಎಂಬ ಒಪ್ಪಂದ. ಹೋದ ಸಲ ಎಲ್ಲರೂ ಎಲ್ಲರಿಗೂ ಬುದ್ಧಿ ಹೇಳಹೋಗಿ, ಜಗಳದಲ್ಲಿ ಇಡೀ ದಿನ ಮಣ್ಣುಪಾಲಾಗಿತ್ತು. ಅದರಿಂದ ಕಲಿತ ಪಾಠ ಈ ರಟ್ಟು.

"ಎಣಿಸ್ತೀನಿ," ಎಂದ ಅಣ್ಣ. "ಮೂರು ಅಂದಾಗ ಹಾರಬೇಕು. ಒಂದು..."

ಅತ್ತಿಗೆಯ ಕಾಲ್ಬೆರಳು ಕಟ್ಟೆಯ ಅಂಚಿಗೆ ಬಂದವು. ಅವಳು ಒಮ್ಮೆ ತಂಗಿಯ ಕಡೆ ನೋಡಿದಳು.

"ಎರಡು..."

"ದಾರ! ದಾರ ಜೋತಾಡ್ತಿದೆ!" ತಂಗಿ ಕೂಗಿಯೇಬಿಟ್ಟಳು. ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ, ದಡದಡನೆ ಮೆಟ್ಟಿಲು ಹತ್ತಿದಳು.

"ಬೇಗ ಕತ್ತರ್ಸಿ ಇಳಿ, ಮಾರಾಯ್ತಿ!" ಅಣ್ಣ ಬಟನ್ನಿನಿಂದ ಬೆರಳು ತೆಗೆಯಲಿಲ್ಲ.

ಅವಳು ಅತ್ತಿಗೆಯ ಪಕ್ಕ ಮಂಡಿಯೂರಿದಳು. ನಾಲ್ಕು ವರ್ಷದಿಂದ ಹಗಲೆಲ್ಲ ಕಂಡವರ ಪ್ಯಾಂಟಿನ ಕಾಲು ಮಡಚಿ ಹೊಲಿಯುವವಳು, ರಾತ್ರಿಯೂಟ ಮುಗಿದ ಮೇಲೆ ಕೂತು ಎರಡು ತಿಂಗಳಲ್ಲಿ ಹೊಲಿದ ಗೌನು. ದೊಡ್ಡ ಅಂಗಡಿಯ ಮೇಡಂ, ‘ಸೋಮವಾರ ಫೋಟೋ ತಂದು ತೋರಿಸು, ಹೊಸ ಬಟ್ಟೆ ಕತ್ತರಿಸೋ ಕಟಿಂಗ್ ಟೇಬಲ್ಲಿಗೆ ಹಾಕ್ತೀನಿ’ ಎಂದಿದ್ದರು. ಹೊಲಿಗೆಯ ಮೇಲೆ ಬಿಚ್ಚಿದರೆ ಎರಡು ನಿಮಿಷದಲ್ಲಿ ಮತ್ತೆ ಕೂಡಿಸಬಹುದು, ಅಣ್ಣ ಕಾಯುತ್ತಾನೆ. ಎಲ್ಲಿ ಕತ್ತರಿಸಿದರೆ ಪಿನ್ನಿಗೂ ಬಗ್ಗುವುದಿಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಸೊಂಟದಿಂದ ನಾಲ್ಕು ಬೆರಳು ಕೆಳಗೆ ಕತ್ತರಿ ಇಟ್ಟು, ಬಟ್ಟೆಗೆ ಅಡ್ಡಡ್ಡ ಎಳೆದುಬಿಟ್ಟಳು.

ಪರ್ರೆಂದಿತು. ಅರ್ಧ ಗೌನು ಕುಸಿದು ಅತ್ತಿಗೆಯ ಕಾಲಬುಡದಲ್ಲಿ ರಾಶಿ ಬಿತ್ತು, ಒಳಲಂಗ ಕಂಡಿತು. ಕೆಳಗೆ ಅಣ್ಣನ ಬೆರಳು ಒತ್ತಿ, ಕ್ಯಾಮೆರಾ ಟಪಟಪ ನಾಲ್ಕಾರು ಫೋಟೋ ಹೊಡೆದು ನಿಂತಿತು.

"ಏನ್ ಮಾಡ್ದೆ ಕಣೇ!" ಅಣ್ಣ ಅರಚಿದ.

ಮೇಕಪ್ ಅಕ್ಕ ಪಿನ್ನಿನ ಡಬ್ಬಿ ಹಿಡಿದು ಓಡಿಬಂದಳು. ಹರುಕನ್ನು ಎತ್ತಿ ನೋಡಿ, ಹಾಗೇ ಕೆಳಗಿಟ್ಟಳು. "ಇದು ನಿಲ್ಲಲ್ಲಪ್ಪ. ಅಯ್ಯೋ ಹುಚ್ಚಿ, ಸೋಮವಾರ ಆ ಮೇಡಂಗೆ ಏನು ತೋರಿಸ್ತೀಯೇ?"

"ಕೈ ಜಾರಿದ್ದಲ್ಲ ಅದು, ಬೇಕಂತಲೇ ಮಾಡಿದ್ದಾಳೆ!" ಅಣ್ಣನ ಕೊರಳ ನರ ಉಬ್ಬಿತ್ತು. "ನನ್ನ ಫೋಟೋ ಕೆಡಿಸೋಕೆ ನೀನ್ಯಾರೇ?"

ತಂಗಿ ಎದ್ದು ನಿಂತಳು. ದೂರದ ಕಂಬದ ರಟ್ಟನ್ನೊಮ್ಮೆ ನೋಡಿದಳು.

"ಫೋಟೋ ನಿಂದು ಅಣ್ಣ," ಎಂದಳು. "ಬಟ್ಟೆ ನಂದು."

ಅಂಥ ಎದುರುತ್ತರವನ್ನು ಅವಳ ಬಾಯಿಂದ ಅಣ್ಣ ಅದುವರೆಗೆ ಕೇಳಿರಲಿಲ್ಲ. ಅವನು ಮರದ ಪೆಟ್ಟಿಗೆಯ ಮೇಲೆ ಧೊಪ್ಪೆಂದು ಕೂತ. ಬಿಸಿಲಿನ ಕೋಲು ಕಟ್ಟೆ ಬಿಟ್ಟು ಗೋಡೆ ಹತ್ತುತ್ತಿತ್ತು. ಮಾಡಲು ಬೇರೇನೂ ತೋಚದೆ, ಆಗ ಸಿಕ್ಕ ಫೋಟೋಗಳನ್ನೇ ಒಂದೊಂದಾಗಿ ಒತ್ತಿ ನೋಡತೊಡಗಿದ. ಕೊನೆಯದರಲ್ಲಿ ಅವನ ಬೆರಳು ನಿಂತಿತು. ಹಿಗ್ಗಿಸಿ ನೋಡಿದ. ಬಟ್ಟೆ ಅರ್ಧ ಬಿದ್ದಿದೆ, ಕತ್ತರಿ ಬಾಯಿ ತೆರೆದಿದೆ, ತಂಗಿ ತುಟಿ ಕಚ್ಚಿದ್ದಾಳೆ. ಬಗ್ಗಿದ ಅವಳ ನೆತ್ತಿಯ ಮೇಲೆ ಅತ್ತಿಗೆಯ ಅಂಗೈ ಇದೆ.

"ಲೇ, ಬಟ್ಟೆ ಹರೀತಿದ್ರೆ ನೀನ್ಯಾಕೆ ಇವಳ ತಲೆ ಸವರ್ತಿದ್ದೆ?"

ಅವನು ತಲೆಯೆತ್ತಿ ನೋಡಿದ. ಅತ್ತಿಗೆ ಒಂದು ಕೈಯಲ್ಲಿ ಹರಿದ ಬಟ್ಟೆ, ಇನ್ನೊಂದರಲ್ಲಿ ತಂಗಿಯ ಭುಜ ಹಿಡಿದು, ಎಂದೂ ಇಲ್ಲದ ಹಾಗೆ ಹುಷಾರಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.